ಪೆನ್ಸಿಲ್ ತುದಿ ನೋಡಿದರೆ ಮಗುವಿನ ಮೆಳ್ಳೆಗಣ್ಣು ಸರಿಹೋಗುತ್ತದೆಯೇ?

ಪೆನ್ಸಿಲ್ ತುದಿಯನ್ನೇ ನೋಡುತ್ತಾ ಅದನ್ನು ಮೂಗಿನ ಹತ್ತಿರ ತನ್ನಿ. ಹೆಬ್ಬೆರಳನ್ನು ಬಲಕ್ಕೂ ಎಡಕ್ಕೂ ಆಡಿಸಿ, ಕಣ್ಣಿನಲ್ಲೇ ಹಿಂಬಾಲಿಸಿ. ದಿನಾ ಹೀಗೆ ಮಾಡಿಸಿದರೆ ಮಗುವಿನ ಮೆಳ್ಳೆಗಣ್ಣು ಆಪರೇಷನ್ ಇಲ್ಲದೆ, ಕನ್ನಡಕವೂ ಇಲ್ಲದೆ ನೆಟ್ಟಗಾಗುತ್ತದೆ. ಇಂಥ ವಿಡಿಯೊಗಳು ಫ್ಯಾಮಿಲಿ ಗ್ರೂಪುಗಳಿಗೆ ಆಗಾಗ ಬರುತ್ತಲೇ ಇರುತ್ತವೆ. ಖರ್ಚಿಲ್ಲ, ನೋವಿಲ್ಲ, ಮಾಡಿ ನೋಡಿದರೆ ಕಳೆದುಕೊಳ್ಳುವುದೇನು ಎಂದು ಯಾರಿಗಾದರೂ ಅನಿಸುತ್ತದೆ. ಕಳೆದುಹೋಗುವುದು ಮಗುವಿನ ಕಣ್ಣಿಗೆ ಚಿಕಿತ್ಸೆ ಚೆನ್ನಾಗಿ ಹಿಡಿಯುವ ವಯಸ್ಸು.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಮಕ್ಕಳ ಬಹುಪಾಲು ಮೆಳ್ಳೆಗಣ್ಣು ಇಂಥ ವ್ಯಾಯಾಮದಿಂದ ಸರಿಹೋಗುವುದಿಲ್ಲ. ಒಂದು ನಿರ್ದಿಷ್ಟ ತೊಂದರೆಗೆ ಮಾತ್ರ ವ್ಯಾಯಾಮ ಚೆನ್ನಾಗಿ ಕೆಲಸ ಮಾಡುತ್ತದೆ.

ಸ್ನಾಯು ದುರ್ಬಲವಾಗಿದೆಯೇ?

ಪ್ರತಿ ಕಣ್ಣನ್ನು ಆರು ಸ್ನಾಯುಗಳು ತಿರುಗಿಸುತ್ತವೆ. ತೋಳಿಗೆ ಕಸರತ್ತು ಮಾಡಿಸಿದಂತೆ ಇವಕ್ಕೂ ಮಾಡಿಸಿದರೆ ಬಲ ಬಂದು ಕಣ್ಣು ನೆಟ್ಟಗಾಗುತ್ತದೆ ಎಂಬುದು ಈ ಮೆಸೇಜುಗಳ ಲೆಕ್ಕ. ಆದರೆ ಮೆಳ್ಳೆಗಣ್ಣಿರುವ ಹೆಚ್ಚಿನ ಮಕ್ಕಳಲ್ಲಿ ಈ ಸ್ನಾಯುಗಳಿಗೆ ಬಲದ ಕೊರತೆ ಇರುವುದಿಲ್ಲ. ಡಾಕ್ಟರು ಮಗುವಿನ ಸರಿಯಾದ ಕಣ್ಣನ್ನು ಮುಚ್ಚಿದಾಗ, ವಾಲಿದ್ದ ಕಣ್ಣು ಸಾಮಾನ್ಯವಾಗಿ ತಾನೇ ನೇರಕ್ಕೆ ಬಂದು ನೋಡುತ್ತದೆ. ಸ್ನಾಯು ಸೋತಿದ್ದರೆ ಅದಕ್ಕೆ ಹಾಗೆ ತಿರುಗಲು ಆಗುತ್ತಿರಲಿಲ್ಲ. ಎರಡೂ ಕಣ್ಣುಗಳನ್ನು ಒಂದೇ ಕಡೆ ಜೊತೆಯಾಗಿ ನಿಲ್ಲಿಸುವ ಮೆದುಳಿನ ಹೊಂದಾಣಿಕೆಯಲ್ಲಿ ತೊಂದರೆ ಇರುತ್ತದೆ.

ಇನ್ನೊಂದು ಕಾರಣ ಪ್ಲಸ್ ನಂಬರ್. ಹುಟ್ಟಿನಿಂದ ಪ್ಲಸ್ ಪವರ್ ಹೆಚ್ಚಿರುವ ಮಗು ಸ್ಪಷ್ಟವಾಗಿ ನೋಡಲು ಕಣ್ಣಿಗೆ ಜಾಸ್ತಿ ಶ್ರಮ ಕೊಡುತ್ತದೆ. ಹಾಗೆ ಫೋಕಸ್ ಮಾಡುವಾಗ ಕಣ್ಣುಗಳು ಒಳಕ್ಕೆ ತಿರುಗುವುದು ದೇಹದ ಸಹಜ ನಿಯಮ. ಶ್ರಮ ಹೆಚ್ಚಾದಷ್ಟೂ ಕಣ್ಣು ಮೂಗಿನ ಕಡೆ ವಾಲುತ್ತದೆ. ಇದು ಸಾಮಾನ್ಯವಾಗಿ ಎರಡು ಮೂರು ವರ್ಷದ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಸರಿಯಾದ ಪ್ಲಸ್ ಕನ್ನಡಕ ಹಾಕಿದರೆ ಇಂಥ ಎಷ್ಟೋ ಮಕ್ಕಳ ಕಣ್ಣು ನೆಟ್ಟಗಾಗುತ್ತದೆ. ಇಂಥ ಮಗುವಿಗೆ ಪೆನ್ಸಿಲ್ ಮೂಗಿನ ಹತ್ತಿರ ತಂದು ತೋರಿಸುವುದು ಏಕೆ ತಪ್ಪು ಎಂದು ನೀವೇ ಊಹಿಸಬಹುದು: ಮೊದಲೇ ಒಳಕ್ಕೆ ವಾಲುವ ಕಣ್ಣಿಗೆ ಮತ್ತಷ್ಟು ಒಳಕ್ಕೆ ತಿರುಗುವ ಅಭ್ಯಾಸ ಮಾಡಿಸಿದಂತೆ.

ವ್ಯಾಯಾಮ ಎಲ್ಲಿ ಕೆಲಸ ಮಾಡುತ್ತದೆ?

ಕೆಲವು ಮಕ್ಕಳಿಗೆ ದೂರ ನೋಡುವಾಗ ತೊಂದರೆ ಇರುವುದಿಲ್ಲ. ಓದಲು ಕುಳಿತಾಗ ಮಾತ್ರ ಎರಡೂ ಕಣ್ಣುಗಳನ್ನು ಒಳಕ್ಕೆ ಸೇರಿಸಿ ಹಿಡಿಯಲು ಆಗುವುದಿಲ್ಲ. ತಲೆನೋವು ಬರುತ್ತದೆ, ಅಕ್ಷರ ಎರಡೆರಡಾಗಿ ಕಾಣುತ್ತದೆ, ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ. ಇದನ್ನು ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಎನ್ನುತ್ತಾರೆ. ವ್ಯಾಯಾಮ ಫಲ ಕೊಡುವುದು ಇದಕ್ಕೆ.

ಅಮೆರಿಕದಲ್ಲಿ ಈ ತೊಂದರೆಯಿದ್ದ 9ರಿಂದ 17 ವರ್ಷದ 221 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಕ್ಲಿನಿಕ್ಕಿನಲ್ಲಿ ತರಬೇತಿ ಪಡೆದವರ ಕೈಕೆಳಗೆ 12 ವಾರ ವ್ಯಾಯಾಮ ಮಾಡಿದವರಲ್ಲಿ ಶೇ. 73ರಷ್ಟು ಮಕ್ಕಳಿಗೆ ಗುಣ ಕಂಡಿತು. ಮನೆಯಲ್ಲಿ ಬರೀ ಪೆನ್ಸಿಲ್ ವ್ಯಾಯಾಮ ಮಾಡಿದವರಲ್ಲಿ ಇದು ಶೇ. 43. ಹೆಸರಿಗಷ್ಟೇ ಇದ್ದ ನಕಲಿ ವ್ಯಾಯಾಮ ಮಾಡಿದವರಲ್ಲೂ ಶೇ. 35 ಮಕ್ಕಳು ಸುಧಾರಿಸಿದ್ದರು. ಅಂದರೆ ವ್ಯಾಯಾಮಕ್ಕೆ ಹೇಳಿಮಾಡಿಸಿದ ತೊಂದರೆಯಲ್ಲೂ ಮನೆಯ ಪೆನ್ಸಿಲ್ಲಿಗೆ ನಕಲಿಗಿಂತ ಹೇಳಿಕೊಳ್ಳುವಂಥ ಮೇಲುಗೈ ಸಿಗಲಿಲ್ಲ.

ಕಾದರೆ ಏನಾಗುತ್ತದೆ?

ದೊಡ್ಡವರಿಗೆ ಇದ್ದಕ್ಕಿದ್ದಂತೆ ಕಣ್ಣು ವಾಲಿದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಚಿಕ್ಕ ಮಗುವಿನ ಮೆದುಳು ಇದಕ್ಕೊಂದು ಉಪಾಯ ಕಂಡುಕೊಳ್ಳುತ್ತದೆ: ವಾಲಿದ ಕಣ್ಣಿನಿಂದ ಬರುವ ಚಿತ್ರವನ್ನೇ ಬದಿಗಿಡುತ್ತದೆ. ಬಳಸದ ಆ ಕಣ್ಣಿನ ದೃಷ್ಟಿ ಬೆಳೆಯುವುದೇ ಇಲ್ಲ. ಇದೇ ಸೋಮಾರಿ ಕಣ್ಣು. ಮಗು ಒಂದೇ ಕಣ್ಣಿನಲ್ಲಿ ಆಡಿ ಓದಿ ಮಾಡಿಕೊಂಡಿರುವುದರಿಂದ ಮನೆಯವರಿಗೆ ತಿಳಿಯುವುದೂ ಇಲ್ಲ.

ಇದಕ್ಕೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪ್ಯಾಚ್ ಹಾಕಿ, ಅಥವಾ ಅಟ್ರೊಪಿನ್ ಹನಿಯಿಂದ ಅದರ ನೋಟವನ್ನು ಮಂಜಾಗಿಸಿ, ಸೋಮಾರಿ ಕಣ್ಣನ್ನು ದುಡಿಸುತ್ತಾರೆ. ಏಳು ವರ್ಷದೊಳಗೆ ಶುರುಮಾಡಿದರೆ ಫಲ ಹೆಚ್ಚು. ಆಮೇಲೂ ಕೆಲವು ಮಕ್ಕಳಲ್ಲಿ ಸುಧಾರಣೆ ಕಾಣುತ್ತದೆ. ಹಾಗಾಗಿ ತಡವಾಯಿತೆಂದು ಕೈಬಿಡಬೇಡಿ.

ಇನ್ನೊಂದು ಎಚ್ಚರಿಕೆ. ರೆಟಿನೊಬ್ಲಾಸ್ಟೋಮ ಎಂಬ ಕಣ್ಣಿನ ಕ್ಯಾನ್ಸರ್ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಇದು ಅಪರೂಪದ ಕಾಯಿಲೆ. ಆದರೆ ಅದರ ಮುಖ್ಯ ಲಕ್ಷಣಗಳಲ್ಲಿ ಮೆಳ್ಳೆಗಣ್ಣೂ ಒಂದು. ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಒಂದು ದಿನವೂ ಕಾಯಬಾರದು. ಬೇಗ ಸಿಕ್ಕಿದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಆಪರೇಷನ್ ಎಂದರೆ ಭಯವೇ?

ಕನ್ನಡಕ, ಪ್ಯಾಚ್ ಎರಡರಿಂದಲೂ ಕಣ್ಣು ನೆಟ್ಟಗಾಗದಿದ್ದರೆ ಡಾಕ್ಟರು ಆಪರೇಷನ್ ಹೇಳಬಹುದು. ಕಣ್ಣುಗುಡ್ಡೆಯನ್ನು ಹೊರತೆಗೆಯುತ್ತಾರೆ ಎಂಬ ಮಾತು ಸುಳ್ಳು. ಅದರ ಹೊರಮೈಗೆ ಅಂಟಿರುವ ಸ್ನಾಯುವಿನ ಜಾಗವನ್ನು ಸ್ವಲ್ಪ ಬದಲಿಸುತ್ತಾರೆ, ಇಲ್ಲವೇ ಅದನ್ನು ಗಿಡ್ಡ ಮಾಡುತ್ತಾರೆ. ಕೆಲವರಿಗೆ ಎರಡನೇ ಸಲ ಬೇಕಾಗಬಹುದು. ಆಮೇಲೂ ಕನ್ನಡಕ ಬೇಕಾಗಬಹುದು.

ನೀವು ಮಾಡಬೇಕಾದ್ದು

ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕಣ್ಣು ಆಗೊಮ್ಮೆ ಈಗೊಮ್ಮೆ ಅತ್ತಿತ್ತ ಹೋಗುವುದು ಸಾಮಾನ್ಯ. ಆಮೇಲೂ ಹಾಗೇ ಇದ್ದರೆ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಒಂದು ಕಣ್ಣು ಸದಾ ವಾಲಿಯೇ ಇದ್ದರೆ ತೋರಿಸಿ. ಮೂಗಿನ ಬುಡ ಅಗಲವಾಗಿರುವ ಕೂಸುಗಳಲ್ಲಿ ಕಣ್ಣು ನೆಟ್ಟಗಿದ್ದರೂ ವಾಲಿದಂತೆ ಕಾಣುವುದುಂಟು. ಅದನ್ನೂ ಡಾಕ್ಟರೇ ಹೇಳಲಿ. ದೊಡ್ಡ ಮಗುವಿಗೆ ದಿಢೀರನೆ ಕಣ್ಣು ವಾಲಿ, ಜೊತೆಗೆ ತಲೆನೋವು, ವಾಂತಿ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಬೆಂಗಳೂರಿನ ಮಿಂಟೋ ಸೇರಿದಂತೆ ಸರ್ಕಾರಿ ಆಸ್ಪತ್ರೆಗಳ ಕಣ್ಣಿನ ವಿಭಾಗಗಳಲ್ಲಿ ತೋರಿಸಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ಬಂದಾಗ ಮಗುವಿನ ಕಣ್ಣಿನ ಬಗ್ಗೆ ಹೇಳಿ.

“ಮೆಳ್ಳೆಗಣ್ಣು ಅದೃಷ್ಟ, ಬಿಡಮ್ಮ” ಎಂದೋ “ದೊಡ್ಡವನಾದರೆ ಸರಿಹೋಗುತ್ತೆ” ಎಂದೋ ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅವರ ಜೊತೆ ಜಗಳ ಬೇಡ. ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಮುಂದಿನ ಸಲ ಪೆನ್ಸಿಲ್ ವಿಡಿಯೊ ಗ್ರೂಪಿಗೆ ಬಂದಾಗ, ಅದರ ಕೆಳಗೆ ಇದನ್ನು ಹಾಕಿ.