ನಿಮಗಿದು ಗೊತ್ತೇ? ಬೆನ್ನು ಬಿದ್ದವನು ಯಾರಿಂದ ಏನು ಕಸಿಯುತ್ತಾನೆ

ಬೇಡವೆಂದು ಖಡಾಖಂಡಿತವಾಗಿ ಹೇಳಿದ ಮೇಲೂ ಹೆಣ್ಣಿನ ಹಿಂದೆ ಪದೇಪದೇ ಬೀಳುವುದು 2013ರವರೆಗೆ ನಮ್ಮಲ್ಲಿ ಪ್ರತ್ಯೇಕ ಅಪರಾಧವೇ ಆಗಿರಲಿಲ್ಲ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿ ಬಂದ ಮೇಲೆ ಐಪಿಸಿಗೆ 354ಡಿ ಸೇರಿತು. 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ.

ಮೊದಲ ಸಲ ಸಾಬೀತಾದರೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ. ಆದರೆ ಮೊದಲ ಸಲದ್ದು ಜಾಮೀನು ಸಿಗುವ ಅಪರಾಧ. ದೂರು ಕೊಟ್ಟವಳು ಮನೆ ಸೇರುವ ಹೊತ್ತಿಗೆ ಅವನೂ ಅದೇ ಬೀದಿಯಲ್ಲಿ ನಿಂತಿರಬಹುದು. ಈ ಕಾನೂನಿನಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡುವುದು ಇದೇ.

ಕಾಲೇಜಿಗೆ ಹೋಗುವವಳು ಬಸ್ಸು ಬದಲಿಸಿಯಾಳು, ದಾರಿ ಬದಲಿಸಿಯಾಳು. ಮೈಸೂರಿನ ಅಗ್ರಹಾರದಲ್ಲಿ, ವಾಣಿವಿಲಾಸ ಮಾರುಕಟ್ಟೆಯ ಹತ್ತಿರ ಮೊಳದ ಲೆಕ್ಕದಲ್ಲಿ ಹೂ ಮಾರುವ ಹೆಂಗಸು ಏನನ್ನು ಬದಲಿಸಬೇಕು? ನೂರೊಂದು ಗಣಪತಿ ದೇವಸ್ಥಾನಕ್ಕೆ ಹೋಗುವವರು ಅವಳನ್ನು ಹುಡುಕಿಕೊಂಡು ಬರುವುದು ಅದೇ ಜಾಗಕ್ಕೆ. ಜಾಗ ಬಿಟ್ಟರೆ ಖಾಯಂ ಗಿರಾಕಿ ಹೋದರು, ಅಂದಿನ ಸಂಪಾದನೆಯೂ ಹೋಯಿತು. ಅವಳು ಬುಟ್ಟಿ ಇಳಿಸುವ ಹೊತ್ತು, ಎದ್ದು ಹೋಗುವ ಹೊತ್ತು ಬೆನ್ನು ಬಿದ್ದವನಿಗೂ ಗೊತ್ತು.

ದಾರಿ ಬದಲಿಸುವುದೂ ಪುಕ್ಕಟೆಯಲ್ಲ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನ ಹೇಳುವಂತೆ, ಸುರಕ್ಷಿತ ದಾರಿ ಸಿಗಲೆಂದು ಹುಡುಗಿಯರು ಒಳ್ಳೆಯ ಕಾಲೇಜನ್ನೇ ಬಿಟ್ಟುಕೊಡುತ್ತಾರೆ.

ಬೆನ್ನು ಬೀಳಲು ಬೀದಿಯೇ ಬೇಕಿಲ್ಲ, ಫೋನೂ ಸಾಕು. ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ ಕೊಟ್ಟ ನಂಬರ್ ಮಾರಾಟಕ್ಕೂ ಹೋಗಬಹುದು. ಉತ್ತರ ಪ್ರದೇಶದಲ್ಲಿ ಹುಡುಗಿಯರ ನಂಬರುಗಳನ್ನು ಹೀಗೆ ಮಾರುತ್ತಿದ್ದುದು 2017ರಲ್ಲಿ ಬಯಲಾಯಿತು.

78ನೇ ಕಲಮಿನ ಪ್ರಕಾರ ಬೆನ್ನು ಬೀಳುವವನು ಗಂಡಸು, ತೊಂದರೆಗೊಳಗಾಗುವವಳು ಹೆಂಗಸು. ವಯಸ್ಕ ಗಂಡಸಿಗೆ ಇದರ ರಕ್ಷಣೆಯಿಲ್ಲ. ಬೆದರಿಕೆಯಂಥ ಬೇರೆ ಕಲಮುಗಳನ್ನೇ ಅವನು ಹಿಡಿಯಬೇಕು. ಅಮೆರಿಕದ 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂವರು ಹೆಂಗಸರಲ್ಲಿ ಒಬ್ಬರು, ಆರು ಗಂಡಸರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಈ ಕಾಟ ಉಂಡವರು.

ಚಿಕ್ಕ ಹುಡುಗರ ಮಾತು ಬೇರೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇಪದೇ ಹಿಂಬಾಲಿಸುವುದು, ಮೆಸೇಜ್ ಮಾಡುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಅಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ.

ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2019ರಲ್ಲಿ ಬಂದ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೂ ಗರಿಷ್ಠ ಶಿಕ್ಷೆ ಬರೀ 2 ವರ್ಷ. ಇದು ಅನ್ಯಾಯವಲ್ಲದೆ ಮತ್ತೇನು?

ಗಂಡನ ಮನೆ ಬಿಟ್ಟು ಬಂದವಳ ಹಿಂದೆ ಗಂಡನೇ ಬಿದ್ದರೆ? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಅವನ ಫೋನ್ ಕರೆಗಳನ್ನೂ, ಅವಳ ಕೆಲಸದ ಜಾಗಕ್ಕೆ ಅವನು ಬರುವುದನ್ನೂ ತಡೆಯಬಹುದು.

2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಯುವತಿಯೊಬ್ಬಳು ತನ್ನ ಮನೆಯೊಳಗೇ ಕೊಲೆಯಾದಳು. ಬೆನ್ನು ಬಿದ್ದಿದ್ದವನ ಬೆದರಿಕೆಯ ವಿಷಯ ಪೊಲೀಸರಿಗೆ ಮೊದಲೇ ತಿಳಿಸಿದ್ದೆವು ಎಂದರು ಮನೆಯವರು. ಆಮೇಲೆ ಪೊಲೀಸ್ ಸಿಬ್ಬಂದಿ ಅಮಾನತಾದರು.

ಬೆನ್ನು ಬೀಳುವ ಅಪರಾಧದಲ್ಲಿ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ದೂರು ಕೊಡುವವಳು ಅಂಗವಿಕಲೆಯಾದರೆ ಪೊಲೀಸರೇ ಅವಳ ಮನೆಗೆ ಅಥವಾ ಅವಳು ಹೇಳಿದ ಜಾಗಕ್ಕೆ ಬರಬೇಕು. ಮಾತು ಬಾರದವಳಾದರೆ ಸನ್ನೆ ಬಲ್ಲವರನ್ನೂ ಜೊತೆಗಿಟ್ಟುಕೊಳ್ಳಬೇಕು. ಘಟನೆ ನಡೆದದ್ದು ನಮ್ಮ ಸರಹದ್ದಿನಲ್ಲಲ್ಲ ಎಂದು ಯಾವ ಠಾಣೆಯೂ ವಾಪಸು ಕಳಿಸುವಂತಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಅವನು ಕಳಿಸಿದ ಮೆಸೇಜುಗಳನ್ನು ಮಾತ್ರ ಅಳಿಸಬೇಡಿ, ಎಷ್ಟೇ ಅಸಹ್ಯವಾದರೂ.