ಕೀಟ್ಸ್‌ನ ಪತ್ರ, ಒಬ್ಬ ಇಂಜಿನಿಯರ್‌ನ ಕಾಪಿ

ಕಾಪಿ ಮಾಡೋದು ನಮಗೆ ಹೊಸದೇನಲ್ಲ. ಅಸೈನ್‌ಮೆಂಟ್ ಇರಲಿ, ಲ್ಯಾಬ್ ರೆಕಾರ್ಡ್ ಇರಲಿ, ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ನಡೆಯೋದು ಅದೇ. ಆದರೆ ಒಬ್ಬ ಇಂಜಿನಿಯರ್ ಮಾಡಿದ ಕಾಪಿಯಿಂದಲೇ ಇಂಗ್ಲಿಷ್ ಸಾಹಿತ್ಯದ ಒಂದು ದೊಡ್ಡ ವಿಚಾರ ಉಳಿದಿದೆ ಅಂದ್ರೆ ನಂಬ್ತೀರಾ?

ಕವಿ ಜಾನ್ ಕೀಟ್ಸ್ 1821ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ 25 ವರ್ಷ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡಿದ್ದ ಅವನಿಗೆ ತಮ್ಮಂದಿರಾದ ಜಾರ್ಜ್, ಟಾಮ್ ಮತ್ತು ತಂಗಿ ಫ್ಯಾನಿಯೇ ಕುಟುಂಬ. 1818ರಲ್ಲಿ ಜಾರ್ಜ್ ಮದುವೆಯಾಗಿ ಅಮೆರಿಕಕ್ಕೆ ಹೋದ. ಅದೇ ಡಿಸೆಂಬರ್‌ನಲ್ಲಿ ಟಾಮ್ ಕ್ಷಯದಿಂದ ಸತ್ತ. ಆಮೇಲೆ ಕೀಟ್ಸ್ ಜಾರ್ಜ್ ದಂಪತಿಗೆ ಬರೆದ ಪತ್ರಗಳು ಡೈರಿ ಥರ ಇವೆ. 1819ರ ಫೆಬ್ರವರಿಯಲ್ಲಿ ಶುರು ಮಾಡಿದ ಒಂದು ಪತ್ರ ಮುಗಿದದ್ದು ಮೇ ತಿಂಗಳಲ್ಲಿ! ಕ್ರಿಕೆಟ್ ಆಡೋಕೆ ಹೋಗಿ ಕಣ್ಣಿಗೆ ಪೆಟ್ಟು ಬಿದ್ದದ್ದೂ ಅದರಲ್ಲಿದೆ, ‘ಲಾ ಬೆಲ್ ಡಾಮ್ ಸಾನ್ಸ್ ಮರ್ಸಿ’ ಕವನವೂ ಇದೆ.

ಅದಕ್ಕೂ ಮೊದಲು, 1817ರ ಡಿಸೆಂಬರ್‌ನಲ್ಲಿ, ತಮ್ಮಂದಿರಿಗೆ ಬರೆದ ಪತ್ರದಲ್ಲಿ ನಾಟಕ ನೋಡಿದ್ದು, ಊಟಕ್ಕೆ ಹೋಗಿದ್ದು ಹೇಳ್ತಾ ಹೇಳ್ತಾ ಕೀಟ್ಸ್ ‘ನೆಗೆಟಿವ್ ಕೇಪಬಿಲಿಟಿ’ ಅನ್ನೋ ಮಾತು ಬಳಸಿದ. ಉತ್ತರ ಗೊತ್ತಿಲ್ಲದಿದ್ದಾಗ ಗಡಿಬಿಡಿ ಮಾಡದೆ, ಆ ಅನುಮಾನದಲ್ಲೇ ಸುಮ್ಮನೆ ಇರಬಲ್ಲ ಶಕ್ತಿ ಅಂತ ಅದರ ಅರ್ಥ. ಇವತ್ತಿಗೂ ಸಾಹಿತ್ಯದ ವಿದ್ಯಾರ್ಥಿಗಳು ಓದೋ ಈ ಮಾತು ಅವನ ಬರವಣಿಗೆಯಲ್ಲಿ ಸಿಗೋದು ಅದೊಂದೇ ಕಡೆ. ಆ ಪತ್ರದ ಮೂಲ ಪ್ರತಿ ಕಳೆದುಹೋಗಿದೆ.

ಹಾಗಾದ್ರೆ ನಮಗೆ ಸಿಕ್ಕಿದ್ದು ಹೇಗೆ? ಜಾರ್ಜ್ ತೀರಿಕೊಂಡ ಮೇಲೆ ಅವನ ಹೆಂಡತಿ ಜಾರ್ಜಿಯಾನಾ ಮದುವೆಯಾದದ್ದು ಜಾನ್ ಜೆಫ್ರಿ ಎಂಬ ಇಂಜಿನಿಯರ್‌ನನ್ನು. ಕೀಟ್ಸ್‌ನ ಜೀವನಚರಿತ್ರೆ ಬರೆಯುತ್ತಿದ್ದ ಮಿಲ್ನ್ಸ್‌ಗಾಗಿ ಜೆಫ್ರಿ ಮನೆಯಲ್ಲಿದ್ದ ಪತ್ರಗಳನ್ನು ಕೈಯಲ್ಲಿ ನಕಲು ಮಾಡಿ ಕಳಿಸಿದ. ಪುಸ್ತಕ 1848ರಲ್ಲಿ ಬಂತು. ಆ ನಕಲುಗಳು ಈಗ ಹಾರ್ವರ್ಡ್‌ನ ಹೌಟನ್ ಲೈಬ್ರರಿಯಲ್ಲಿವೆ.

ಜೆಫ್ರಿ ಒಳ್ಳೆ ಕಾಪಿಗಾರ ಆಗಿರಲಿಲ್ಲ. ಕೆಲವು ಪತ್ರಗಳ ಮೂಲ ಸಿಕ್ಕಾಗ ಹೋಲಿಸಿ ನೋಡಿದರೆ ಪದಗಳು ತಪ್ಪಾಗಿವೆ, ಎಷ್ಟೋ ಸಾಲುಗಳನ್ನು ಬಿಟ್ಟೇಬಿಟ್ಟಿದ್ದಾನೆ. ಮೂಲ ಸಿಗದ ಪತ್ರಗಳಲ್ಲಿ ಬಿಟ್ಟದ್ದೇನು ಅಂತ ತಿಳಿಯೋ ದಾರಿಯೇ ಇಲ್ಲ. ಆದರೂ ಅವನು ಕೂತು ಬರೆಯದಿದ್ದರೆ ಆ ಮಾತೇ ನಮಗೆ ಸಿಗ್ತಿರಲಿಲ್ಲ.

ನಮ್ಮ ಮನೆಯಲ್ಲೂ ಅಜ್ಜ ಬರೆದ ಇನ್‌ಲ್ಯಾಂಡ್ ಲೆಟರ್‌ಗಳಿವೆ, ಮಡಚಿದ ಕಡೆಯಲ್ಲೆಲ್ಲ ಹರಿದಿವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಆ ಕೈಬರಹ ಓದೋಕೆ ಆಗಲ್ಲ. ದಸರಾ ರಜೆಯಲ್ಲಿ ಅಮ್ಮ ಓದಿದ್ರು, ನಾನು ಟೈಪ್ ಮಾಡಿದೆ. ಅಡಿಕೆ ರೇಟು, ಹಸುವಿನ ಕಾಯಿಲೆ ಬಂದಾಗ ಅಮ್ಮ “ಇದೆಲ್ಲ ಯಾಕೆ, ಬಿಡು” ಅಂದ್ರು.

ಜೆಫ್ರಿ ನೆನಪಾದ. “ಇಲ್ಲಮ್ಮ, ಅದನ್ನೂ ಓದು” ಅಂದೆ.