ಜೀವನಾಂಶ ಬಾಕಿ ಇದ್ರೆ ನೇರ ಜೈಲಾ? ಮೊದಲು ಕೋರ್ಟ್ ಏನು ನೋಡಬೇಕು?

ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರೊಬ್ಬರು ಹೆಂಡತಿ, ಮಗುವಿಗೆ ತಿಂಗಳಿಗೆ 6,000 ರೂಪಾಯಿ ಕೊಡಬೇಕು ಅಂತ ಕೋರ್ಟ್ ಆದೇಶ ಇದೆ ಅಂದುಕೊಳ್ಳಿ. ಎಂಟು ತಿಂಗಳಿಂದ ಕಟ್ಟಿಲ್ಲ, ಬಾಕಿ 48,000. ಅವರನ್ನು ನೇರವಾಗಿ ಜೈಲಿಗೆ ಕಳಿಸಬಹುದಾ?

ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ (ಹಳೆಯ ಸಿಆರ್‌ಪಿಸಿ 125) ಪ್ರಕಾರ, 'ಸಾಕಷ್ಟು ಕಾರಣವಿಲ್ಲದೆ' ಹಣ ಕಟ್ಟದಿದ್ದರೆ ಮಾತ್ರ ಕ್ರಮ. ಮೊದಲು ದಂಡ ವಸೂಲಿ ಮಾಡುವ ರೀತಿಯಲ್ಲೇ ಬಾಕಿ ವಸೂಲಿಗೆ ವಾರಂಟ್. ಆಮೇಲೂ ಹಣ ಉಳಿದರೆ ಒಂದು ತಿಂಗಳವರೆಗೆ ಜೈಲು. ನಡುವೆ ಹಣ ಕಟ್ಟಿದರೆ ಬಿಡುಗಡೆ.

ನೋಟಿಸ್ ಬಂದ್ರೆ ತಪ್ಪಿಸಿಕೊಳ್ಳಬೇಡಿ

ಕಾರಣ ಹೇಳುವುದು ನಿಮ್ಮ ಹಕ್ಕು. ಆದರೆ ಅದನ್ನು ಕೋರ್ಟಿಗೆ ಹೋಗಿಯೇ ಹೇಳಬೇಕು. ಆಸ್ಪತ್ರೆ ಚೀಟಿ, ಬ್ಯಾಂಕ್ ಪಾಸ್‌ಬುಕ್, ಅಂಗಡಿ ಲೆಕ್ಕ ಕೊಂಡೊಯ್ಯಿರಿ. ಬೇಕಂತಲೇ ತಪ್ಪಿಸಿಕೊಳ್ತಿದ್ದೀರಿ ಅಂತ ಕೋರ್ಟಿಗೆ ಮನವರಿಕೆಯಾದರೆ, ನೀವಿಲ್ಲದೆಯೇ ಜೀವನಾಂಶದ ಆದೇಶ ಆಗಬಹುದು. ಅಂಥ ಏಕಪಕ್ಷೀಯ ಆದೇಶವನ್ನು ರದ್ದು ಮಾಡಿಸಲು ಮೂರು ತಿಂಗಳೊಳಗೆ ಸರಿಯಾದ ಕಾರಣ ಕೊಟ್ಟು ಅರ್ಜಿ ಹಾಕಬೇಕು (145ನೇ ಕಲಂ).

ವ್ಯಾಪಾರ ನಿಜಕ್ಕೂ ಕುಸಿದಿದ್ದರೆ ಬಾಕಿ ಬೆಳೆಯುವ ಮೊದಲೇ ಮೊತ್ತ ಬದಲಿಸಲು 146ನೇ ಕಲಂ ಅಡಿ ಅರ್ಜಿ ಹಾಕಿ. ಸುಮ್ಮನೆ ಕಟ್ಟೋದು ನಿಲ್ಲಿಸುವುದು ದಾರಿಯಲ್ಲ.

ಬಾಕಿ ಇದೆ ಅನ್ನುವ ಒಂದೇ ಕಾರಣಕ್ಕೆ ವಾದ ಮಂಡಿಸುವ ಅವಕಾಶವನ್ನೇ ಕಿತ್ತುಕೊಳ್ಳಬಹುದಾ? ಅದು ಕೊನೆಯ ಅಸ್ತ್ರ ಆಗಬೇಕು, ಉದ್ದೇಶಪೂರ್ವಕವಾಗಿ ಹಠ ಹಿಡಿದವರಿಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಹೇಳಿದೆ. ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಬೇಕು ಅಂತಲೂ ಅದೇ ತೀರ್ಪು ಹೇಳುತ್ತೆ.

ಜೈಲಿಗೆ ಹೋದ್ರೆ ಸಾಲ ತೀರಲ್ಲ

'ಒಂದು ತಿಂಗಳು ಒಳಗಿದ್ದು ಬಂದ್ರೆ ಮುಗೀತು' ಅನ್ನೋದು ತಪ್ಪು. ಜೈಲು ಹಣ ಕಟ್ಟಿಸುವ ಒತ್ತಡ ಅಷ್ಟೇ, ಬಾಕಿ ಹಾಗೇ ಇರುತ್ತೆ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಗುವಿನ ಸ್ಕೂಲ್ ಫೀಸು, ಮನೆ ರೇಷನ್ನು ಆ ಹಣದ ಮೇಲೇ ನಿಂತಿರುತ್ತೆ.

ಹಣಕ್ಕಾಗಿ ಕಾಯುತ್ತಿರುವ ಹೆಣ್ಣುಮಕ್ಕಳೂ ಗಮನಿಸಿ: ಪ್ರತಿ ಕಂತು ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ತಡ ಮಾಡಬೇಡಿ.

ವಕೀಲರಿಗೆ ದುಡ್ಡಿಲ್ಲ ಅಂದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ. ಆದಾಯ ಮಿತಿಯೊಳಗಿರುವ ಗಂಡಸರಿಗೂ ಸಿಗುತ್ತೆ.